ಒಗ್ಗರಣೆ ಡಬ್ಬಿಯ ಯಂತ್ರ

ನಾನು ಆ ಕಂಪನಿಗೆ ಸೇರಿದಾಗ, ನಾನು ನಡೆಸಬೇಕಾಗಿದ್ದ ಯಂತ್ರ ಇನ್ನೂ ಹುಟ್ಟಿರಲಿಲ್ಲ. ಟ್ಯೂಬಿನಿಂದ ಒಂದಿಷ್ಟು ರಕ್ತ ಹೀರಿ, ತಟ್ಟೆಯೊಂದರ ಗುಳಿಗಳಿಗೆ ಹಾಕುವ ಉದ್ದ ತೋಳಿನ ಯಂತ್ರ ಅದು. ಬೇರೆ ಊರಿನ ಕಾರ್ಖಾನೆಯಲ್ಲಿ ಅದನ್ನು ಇನ್ನೂ ಜೋಡಿಸುತ್ತಿದ್ದರು. ಅದು ಲಂಡನ್ನಿನ ನಮ್ಮ ಕಂಪನಿಗೆ ಬರುವಷ್ಟರಲ್ಲಿ ಅದನ್ನು ನಡೆಸುವ ಸಾಫ್ಟ್‌ವೇರ್ ತಯಾರಾಗಿರಬೇಕಿತ್ತು. ಹಾಗಾಗಿ ಮೊದಲು ಕಂಪ್ಯೂಟರಿನೊಳಗೇ ಒಂದು ನಕಲಿ ಯಂತ್ರ ಮಾಡಿಕೊಂಡೆ. ನನ್ನ ಸಾಫ್ಟ್‌ವೇರ್ ‘ತೋಳು ಎತ್ತು’ ಎಂದರೆ ಅದು ‘ಎತ್ತಿದೆ’ ಎಂದು ಉತ್ತರ ಕಳಿಸುತ್ತಿತ್ತು. ತೋಳೂ ಇಲ್ಲ, ರಕ್ತವೂ ಇಲ್ಲ, ಬರೀ ಮಾತು.

ನಿಜವಾದ ಯಂತ್ರ ಬಂದ ದಿನ ನಡೆಸಿ ತೋರಿಸಿದರೆ ಕೆಲಸ ಖಾಯಂ, ಇಲ್ಲವಾದರೆ ಇಲ್ಲ ಎಂದು ಮ್ಯಾನೇಜರ್ ಮೊದಲೇ ಹೇಳಿದ್ದರು. ಇಲ್ಲವೆಂದರೆ ನಾನು ಮತ್ತೆ ಗೋದಾಮಿನಲ್ಲಿ ಪಾರ್ಸೆಲ್ ಎತ್ತಲು ಹೋಗಬೇಕು. ಸಂಜೆ ಕ್ಲಾಸಿಗೆ ಹೋಗಿ, ತಲೆ ನರೆಯುವ ಹೊತ್ತಿಗೆ ಸಿಕ್ಕ ಮೊದಲ ಕುರ್ಚಿ ಕೆಲಸ ಅದು.

ನನ್ನ ಹೆಂಡತಿ ಧಾರವಾಡದವಳು, ಇಲ್ಲಿನ ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ಕೆಲಸ. ಒಂದು ಶನಿವಾರ ಲಂಡನ್ನಿನ ಕೊಲಿಂಡೇಲ್‌ನ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವಳನ್ನು ಕರೆದೆ.

“ನೋಡಿಲ್ಲಿ, ಬೆಳಗ್ಗೆಯಿಂದ ಒಂದು ತಪ್ಪೂ ಬಂದಿಲ್ಲ.”

ಅವಳು ಬಗ್ಗಿ ನೋಡಿದಳು. “ಇದ್ಯಾವ ಮಷೀನ್ರಿ, ಇಷ್ಟು ಶಾಣ್ಯಾ? ಹೊಸಾ ಅಳಿಯನ್ ಗತೆ ಎಲ್ಲಾದಕ್ಕೂ ಹೂಂ ಅನ್ನಾಕತ್ತೈತಿ.”

“ನಿಮ್ಮ ಲ್ಯಾಬಿಂದು ಏನ್ ಮಾಡುತ್ತೆ?”

“ಕೇಳಿದ್ರ ಸುಮ್ನ ಕುಂದರತೈತಿ. ಆಮ್ಯಾಲೆ ಯಾವಾಗೋ ಬಾಯಿ ಬಿಡತೈತಿ. ಸರೀರಿ, ಇವತ್ತು ನಾನ ಮಷೀನು. ಹೇಳ್ರಿ.”

ಒಗ್ಗರಣೆ ಡಬ್ಬಿ ತಂದು ಮುಂದಿಟ್ಟುಕೊಂಡಳು. ಅದರ ಬಟ್ಟಲುಗಳೇ ಗುಳಿಗಳು, ಚಮಚವೇ ತೋಳು. ಚಮಚ ಸಾಸಿವೆಯಲ್ಲಿತ್ತು.

“ತೋಳು ಎತ್ತು,” ಎಂದೆ.

ಅವಳು ಸಾಸಿವೆ ತುಂಬಿದ ಚಮಚ ಎತ್ತಿದಳು. ಆದರೆ ಉತ್ತರ ಹೇಳದೆ ಕಿಟಕಿಯಾಚೆ ಹೋಗುತ್ತಿದ್ದ ರೈಲನ್ನು ನೋಡುತ್ತ ಕೂತಳು.

“ಇವಳೇ, ನಿನ್ಗೇ ಹೇಳ್ತಿರೋದು.”

“ಇವಳೇ ಅಂದ್ರ ಮಷೀನಿಗೆ ತಿಳೀತೈತೇನ್ರಿ?”

ಬೇಸತ್ತು ಲ್ಯಾಪ್‌ಟಾಪಿನತ್ತ ತಿರುಗಿ, “ಹೋಗ್ಲಿ, ಜೀರಿಗೆ ಹತ್ರ ಹೋಗು,” ಎಂದೆ.

“ಆತು,” ಎಂದಳು.

“ಹಾಗಾದ್ರೆ ಹಾಕು.”

ಚಮಚದ ಸಾಸಿವೆಯೆಲ್ಲ ಮೇಜಿನ ಮೇಲೆ ಚೆಲ್ಲಿತು. ‘ಆತು’ ಎಂದದ್ದು ತೋಳು ಎತ್ತಿದ್ದಕ್ಕೆ ತಡವಾಗಿ ಬಂದ ಉತ್ತರ. ಜೀರಿಗೆಯ ಹತ್ತಿರ ಅವಳು ಹೋಗಿಯೇ ಇರಲಿಲ್ಲ.

“ನೋಡ್ರಿ, ಯಾರದೋ ರಕ್ತ ನೆಲಾ ಕಂಡ್ತು,” ಎಂದಳು.

ನಗು ಬಂತು, ನಗುತ್ತಲೇ ಹೆದರಿಕೆಯೂ ಆಯಿತು. ನನ್ನ ಸಾಫ್ಟ್‌ವೇರ್ ಕೂಡ ಹೀಗೆಯೇ ಯಾವ ಉತ್ತರ ಬಂದರೂ ನಂಬಿ ಮುಂದೆ ಹೋಗುತ್ತಿತ್ತು. ನಕಲಿ ಯಂತ್ರ ಒಮ್ಮೆಯೂ ತಡಮಾಡುತ್ತಿರಲಿಲ್ಲ, ಒಮ್ಮೆಯೂ ಗೊತ್ತಿಲ್ಲ ಎನ್ನುತ್ತಿರಲಿಲ್ಲ. ಅದು ನನ್ನದೇ ಅಭ್ಯಾಸ. ತಡವಾಗಿ ಶಾಲೆಗೆ ಸೇರಿ ಚಿಕ್ಕ ಮಕ್ಕಳ ಜೊತೆ ಕೂತವನು ನಾನು. ಮೇಷ್ಟ್ರು ಏನು ಕೇಳಿದರೂ, ನಗುತ್ತಾರೆಂದು ಹೆದರಿ, ಥಟ್ಟನೆ ಏನಾದರೊಂದು ಹೇಳಿಬಿಡುತ್ತಿದ್ದೆ.

ಆಮೇಲೆ ಶನಿವಾರ ಬಂತೆಂದರೆ ಅವಳು ಯಂತ್ರವಾಗುತ್ತಿದ್ದಳು. ಒಂದು ಸಲ ಅರ್ಧ ಮಾತು ಹೇಳಿ ನಿಂತಳು. ಇನ್ನೊಂದು ಸಲ ಡಬ್ಬಿಯ ಮುಚ್ಚಳವನ್ನು ಓರೆಯಾಗಿಟ್ಟು, ಏನು ಕೇಳಿದರೂ ಬಾಯಿ ಬಿಡಲಿಲ್ಲ.

“ಏನಾಗಿದೆ ಅಂತ ಹೇಳ್ಬಾರ್ದಾ?”

“ಮಷೀನು ಹೇಳಂಗಿಲ್ರಿ. ಮುಚ್ಚಳಾ ಬಿಗೀ ಕುಂತಿಲ್ಲ, ನೀವ ನೋಡ್ಕೋಬೇಕು.”

ಅವಳ ಒಂದೊಂದು ಹಟವನ್ನೂ ನಿಧಾನವಾಗಿ ಟೈಪ್ ಮಾಡಿ ನಕಲಿ ಯಂತ್ರಕ್ಕೆ ಕಲಿಸಿದೆ. ಸಾಫ್ಟ್‌ವೇರಿಗೆ ಕಾಯುವುದನ್ನು ಕಲಿಸಿದೆ. ಕೇಳಿದ ಪ್ರಶ್ನೆಗೇ ಉತ್ತರ ಬರದಿದ್ದರೆ ತೋಳು ಅಲ್ಲಾಡಬಾರದು.

ಕೊನೆಗೆ ಯಂತ್ರ ಬಂತು. ಟ್ಯೂಬುಗಳಲ್ಲಿ ಕೆಂಪು ನೀರು ತುಂಬಿದ್ದರು. ಮ್ಯಾನೇಜರ್ ನನ್ನ ಪಕ್ಕದಲ್ಲಿ ನಿಂತರು. ತೋಳು ಎದ್ದಿತು, ಹೀರಿತು, ಅರ್ಧ ತಟ್ಟೆ ತುಂಬಿತು. ಆಮೇಲೆ ನಿಂತುಬಿಟ್ಟಿತು. ಪರದೆಯ ಮೇಲೆ ನಾನೇ ಬರೆದಿದ್ದ ಸಾಲು ಬಂತು: ಉತ್ತರ ಬಂದಿಲ್ಲ, ತೋಳು ಎಲ್ಲಿದೆ ಗೊತ್ತಿಲ್ಲ, ನಿಲ್ಲಿಸಿದ್ದೇನೆ.

“ಏನಾಯಿತು?” ಎಂದು ಮ್ಯಾನೇಜರ್ ಕೇಳಿದರು.

ಥಟ್ಟನೆ ಏನೋ ಒಂದು ಉತ್ತರ ನಾಲಿಗೆ ತುದಿಗೆ ಬಂದಿತ್ತು. ತಡೆದುಕೊಂಡೆ. “ಗೊತ್ತಿಲ್ಲ. ನೋಡಬೇಕು,” ಎಂದೆ.

ಯಂತ್ರದ ಹತ್ತಿರ ಹೋಗಿ ಸಡಿಲಗೊಂಡಿದ್ದ ಅದರ ಮುಚ್ಚಳದ ಮೂಲೆ ಒತ್ತಿದೆ. ಟಕ್ಕೆಂದಿತು. ಸಾಫ್ಟ್‌ವೇರ್ ತೋಳಿಗೆ ಎಲ್ಲಿದ್ದೀಯ ಎಂದು ಮತ್ತೆ ಕೇಳಿತು, ಉತ್ತರ ಬಂದ ಮೇಲೆ ಉಳಿದ ಗುಳಿಗಳನ್ನು ತುಂಬಿಸಿತು. ಒಂದು ಹನಿಯೂ ಹೊರಗೆ ಬಿದ್ದಿರಲಿಲ್ಲ.

“ಗೊತ್ತಿಲ್ಲದಾಗ ನಿಂತಿತಲ್ಲ, ನನಗೆ ಬೇಕಾಗಿದ್ದು ಅದೇ,” ಎಂದರು ಮ್ಯಾನೇಜರ್. “ಇನ್ನು ನೀವು ಇಲ್ಲಿಯವರೇ.”

ಹೊರಗೆ ಬಂದು ಹೆಂಡತಿಗೆ ಫೋನ್ ಮಾಡಿದೆ.

“ನಡೀತು ಕಣೇ. ಇಟ್ಕೊಂಡ್ರು.”

ಉತ್ತರ ಬರುವವರೆಗೆ ಕಾದೆ.

“ನಡುವ ನಿಂತಿತ್ತೇನ್ರಿ?” ಅವಳ ದನಿ ಒದ್ದೆಯಾಗಿತ್ತು.

“ನಿಂತಿತ್ತು.”

“ಮುಚ್ಚಳಾ?”

“ಹೂಂ, ಮುಚ್ಚಳಾನೇ.”

“ಬರೂವಾಗ ಸಾಸಿವಿ ತಗೊಂಡ್ ಬರ್ರಿ. ಮನ್ಯಾಗಿಂದೆಲ್ಲಾ ನಿಮ್ಮ ಮೇಜಿನ ಸಂದ್ಯಾಗ ಹೋಗೈತಿ.”