ಮಾಯಾ ಜನರ ಗಾರೆ ಕೆಲಸ

ಕೆಳಗಿನ ಮನೆಯ ಇಂಜಿನಿಯರನ ಮುಖ ಲಿಫ್ಟಿನಲ್ಲಿ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಉರಿಯಲಿ ಬಿಡಿ, ಈ ವಯಸ್ಸಿನಲ್ಲಿ ನನಗೆ ಇಷ್ಟು ದೊಡ್ಡ ಸಂತೋಷ ಸಿಕ್ಕಿದ್ದೂ ಆ ಆಸಾಮಿಯ ದೆಸೆಯಿಂದಲೇ.

ನಾನು ಮೂರನೇ ತರಗತಿಗೇ ಶಾಲೆ ಬಿಟ್ಟವನು. ನಲವತ್ತು ವರ್ಷ ಗಾರೆ ಕೆಲಸ ಮಾಡಿ, ಊರಲ್ಲಿ ಮೇಸ್ತ್ರಿ ಅನ್ನಿಸಿಕೊಂಡು, ಈಗ ಮಲೇಶಿಯಾದ ಪುಚೊಂಗಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಒಂಬತ್ತು ವರ್ಷದ ಮೊಮ್ಮಗಳಿಗೆ ಶಾಲೆಯಲ್ಲಿ ಮಾಯಾ ಜನರ ಪಿರಮಿಡ್ಡಿನ ಮಾದರಿ ಮಾಡಿ ತರಲು ಹೇಳಿದ್ದರು. ಅವಳು ಅರ್ಧ ಇಂಗ್ಲಿಷಿನಲ್ಲಿ ಓದಿದ್ದನ್ನು ಮಗಳು ಬಿಡಿಸಿ ಹೇಳಿದಳು: ಕಬ್ಬಿಣದ ಉಳಿ ಇಲ್ಲ, ಗಾಡಿ ಇಲ್ಲ, ಎತ್ತಿಲ್ಲ, ಕಲ್ಲಿನಿಂದಲೇ ಕಲ್ಲು ಕಡಿದರಂತೆ. ಸೊನ್ನೆ ಬರೆದರಂತೆ. ಬರಿಗಣ್ಣಿನಲ್ಲಿ ಶುಕ್ರನ ದಾರಿ ಲೆಕ್ಕ ಹಾಕಿದರಂತೆ. ಸುಣ್ಣದ ಕಲ್ಲು ಸುಟ್ಟು ಗಾರೆ ಮಾಡಿದರಂತೆ! ಗಾರೆ ಅಂದ ಕೂಡಲೇ ನನ್ನ ಎದೆ ಉಬ್ಬಿತು. ಅಯ್ಯೋ, ನಮ್ಮವರೇ ಅವರು!

ರಟ್ಟಿನಲ್ಲಿ ಒಂಬತ್ತು ಮೆಟ್ಟಿಲಿನ ಗೋಪುರ ಕಟ್ಟಿದೆವು. ಅಷ್ಟಕ್ಕೆ ಬಿಡಬೇಕಿತ್ತು, ಕೈ ತಡೆಯಲಿಲ್ಲ. ತಮಿಳರ ಅಂಗಡಿಯಿಂದ ಎಲೆಅಡಿಕೆಯ ಸುಣ್ಣ ತರಿಸಿ, ನೀರಲ್ಲಿ ಕಲಸಿ, ಕರಣೆಯ ಬದಲು ಚಮಚದಲ್ಲಿ ಗಿಲಾವು ಮಾಡಿದೆ. ಇಟ್ಟಿಗೆಯಾದರೆ ನೀರು ಕುಡಿದು ಗಾರೆಯನ್ನು ಹಿಡಿದುಕೊಳ್ಳುತ್ತದೆ. ರಟ್ಟು ನೀರು ಕುಡಿದು ಮುದ್ದೆಯಾಯಿತು. ಗೋಪುರದ ಒಂದು ಪಕ್ಕ ಕುಸಿದು ಕೂತಿತು.

ಅದೇ ಸಂಜೆ ಆ ಇಂಜಿನಿಯರು ಅಳಿಯನನ್ನು ಕೇಳಿಕೊಂಡು ಬಂದ. ಮೈಸೂರು ಕಡೆಯವನು. ಮೇಜಿನ ಮೇಲಿದ್ದುದನ್ನು ನೋಡಿ ನಕ್ಕ.

“ಏನ್ ಯಜಮಾನ್ರೇ, ರಟ್ಟಿಂದೇ ನಿಲ್ಲಿಸೋಕಾಗ್ಲಿಲ್ಲ ನಿಮ್ಗೆ. ಆ ಕಾಡು ಜನ ಕಲ್ಲಿಂದು ಕಟ್ಟಿದ್ರಾ? ಪುಟ್ಟೀ, ಅದು ಏಲಿಯನ್ಸ್ ಬಂದು ಕಟ್ಟಿದ್ದು. ನಾನ್ ವಿಡಿಯೋ ನೋಡಿದೀನಿ. ಓದು ಬರಹ ಇಲ್ದೋರ ಕೈಲಿ ಆಗೋ ಕೆಲ್ಸಾನಾ ಅದು?”

ಮೊಮ್ಮಗಳು ಕುಸಿದ ಪಕ್ಕ ನೋಡಿದಳು, ನನ್ನ ಕೈ ನೋಡಿದಳು. ಮಾದರಿಯ ಜೊತೆಗಿಡಲು ಮಾಡಿದ ಅವಳ ಚಾರ್ಟಿನಲ್ಲಿ ಪೆನ್ಸಿಲಿನಿಂದ ಬರೆದ ಒಂದು ಇಂಗ್ಲಿಷ್ ಸಾಲಿತ್ತು: ಇದನ್ನು ಮನುಷ್ಯರೇ ಕಟ್ಟಿದರು ಎಂದು ಮಗಳು ಮೊದಲೇ ಓದಿ ಹೇಳಿದ್ದಳು. ನಿಧಾನಕ್ಕೆ ರಬ್ಬರು ಎತ್ತಿಕೊಂಡಳು. ಆ ಸಾಲು ಹೋದರೆ ನನ್ನ ನಲವತ್ತು ವರ್ಷವೂ ಅದರ ಜೊತೆಗೇ ಹೋಗುತ್ತಿತ್ತು.

“ಸ್ವಾಮೀ, ನೀವು ದಿನಾ ಮಲಗ್ತೀರಲ್ಲ, ಆ ಮನೆ ಗೋಡೆ ಎಬ್ಬಿಸಿದೋನು ಎಷ್ಟನೇ ಕ್ಲಾಸು? ಅವನೂ ಮೇಲಿಂದ ಇಳಿದು ಬಂದಿದ್ನಾ?” ಎಂದೆ.

“ಅಯ್ಯೋ, ಅದ್ ಬೇರೆ ಬಿಡಿ,” ಎಂದು ಮತ್ತೆ ಹಲ್ಲು ಕಿಸಿದ.

ಆಗ ಹುಡುಗಿ ಬಾಯಿ ಬಿಟ್ಟಳು. ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, ಈಗ ಕನ್ನಡದಲ್ಲೇ, ಇಲ್ಲಿನವರ ಹಾಗೆ ಕೊನೆಗೊಂದು ‘ಲಾ’ ಸೇರಿಸಿ!

“ಅಂಕಲ್, ಅವರಿಗೆ ಬರೆಯೋಕೆ ಬರ್ತಿತ್ತು ಲಾ. ಬುಕ್ಸ್ ಇತ್ತು. ಮತ್ತೆ ಹಳೇ ಪಿರಮಿಡ್ ಮೇಲೇ ಹೊಸದು ಕಟ್ತಿದ್ರು, ಒಳಗೆ ಹಳೇದು ಈಗ್ಲೂ ಇದೆ. ಏಲಿಯನ್ಸ್ ಯಾಕೆ ಎರಡೆರಡು ಸಲ ಕಟ್ಟಬೇಕು? ಫಸ್ಟ್ ಟೈಮೇ ಸರಿಯಾಗಿ ಮಾಡೋಕೆ ಬರಲ್ವಾ ಅವರಿಗೆ?”

ಅವನು ಗಡಿಯಾರ ನೋಡಿಕೊಂಡ, ಕೆಲಸವಿದೆ ಎಂದ, ಮುಖ ಗಂಟಿಕ್ಕಿಕೊಂಡು ಹೊರಟ. ಕೂತು ಹೋಗಿ ಅಂತ ಬಾಯಿಮಾತಿಗೂ ನಾನು ಹೇಳಲಿಲ್ಲ.

ಮೊಮ್ಮಗಳು ರಬ್ಬರು ಬಿಟ್ಟು ಕಪ್ಪು ಮಾರ್ಕರ್ ತೆಗೆದಳು. ಆ ಸಾಲಿನ ಮೇಲೆ ದಪ್ಪಗೆ ತಿದ್ದಿ, ಮನುಷ್ಯರು ಎಂಬುದರ ಪಕ್ಕದಲ್ಲಿ ಇನ್ನೊಂದು ಪದ ಸೇರಿಸಿದಳು. ನನಗೆ ಇಂಗ್ಲಿಷು ಬರುವುದಿಲ್ಲವಲ್ಲ, ಏನಮ್ಮಾ ಅದು ಎಂದೆ.

“ಮೇಸ್ತ್ರಿ, ತಾತ.”

ಇನ್ನೊಂದು ಸಲ ಓದು ಎಂದೆ. ಓದಿದಳು. ಮತ್ತೂ ಒಂದು ಸಲ ಓದಿಸಿದೆ.