ಮಾಮಿ ಹಾಕದ ಎಲೆ

ಮಾಮಿಯ ಮುಂಗೈಗೆ ಯಾವಾಗಲೂ ಮೀನಿನ ಹುರುಪೆ ಅಂಟಿಕೊಂಡಿರುತ್ತಿತ್ತು. ಸೋಪು ಹಾಕಿ ಉಜ್ಜಿದರೂ ಒಂದೆರಡು ಉಳಿಯುತ್ತಿದ್ದವು. ಮದುವೆಮನೆಯ ಬೆಳಕಿನಲ್ಲಿ ಬಳೆಗಿಂತ ಹೆಚ್ಚು ಅವೇ ಮಿನುಗುತ್ತಿದ್ದವು. ಅವಳು ಅಪ್ಪನ ಅಕ್ಕ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಕಾಪುವಿನ ತನ್ನ ಮನೆಗೆ ಕರೆತಂದು, ಶಿರ್ವದ ಮನೆಮನೆಗೆ ಮೀನು ಹೊತ್ತು ಮಾರಿ ಸಾಕಿದಳು. ಚೌಕಾಸಿ ಮಾಡಿದವರಿಗೆಲ್ಲ ಬೈಗುಳ. ಬೈಸಿಕೊಳ್ಳಲೆಂದೇ ಕೆಲವರು ಚೌಕಾಸಿ ಮಾಡುತ್ತಿದ್ದರೋ ಎಂದು ನನಗೆ ಈಗಲೂ ಅನುಮಾನ.

ಮೀನು ಹಿಡಿಯಲು ಬೋಟಿಗೆ ಹೋದ ಅವಳ ಗಂಡ, ನನ್ನ ಮಾಮ, ತಿರುಗಿ ಬಂದಿರಲಿಲ್ಲ. ಹೆಣವೂ ಸಿಗಲಿಲ್ಲ.

ಆಟಿ ತಿಂಗಳಲ್ಲಿ ತೀರಿಹೋದವರಿಗೆ ಬಡಿಸುವುದು ನಮ್ಮ ಕ್ರಮ. ಒಳಕೋಣೆಯಲ್ಲಿ ಒಬ್ಬೊಬ್ಬರಿಗೂ ಬಾಳೆಎಲೆ ಹಾಕಿ, ಅನ್ನ, ಕೋಳಿ ಸಾರು, ಒಣಮೀನಿನ ಚಟ್ನಿ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕೂರಬೇಕು. ಅವರು ಉಂಡಾದ ಮೇಲೆ ನಾವು. ಬಡಿಸುತ್ತ ಮಾಮಿ ಅವರೊಡನೆ ಮಾತಾಡುತ್ತಿದ್ದಳು. "ನಿನ್ನ ಮಗಳನ್ನು ನೋಡು, ಎಷ್ಟು ಉದ್ದ ಆಗಿದ್ದಾಳೆ" ಎಂದು ನನ್ನಮ್ಮನ ಎಲೆಗೆ ಹೇಳುವಾಗ ನಾನು ಬಾಗಿಲ ಕಡೆಗೆ ಸರಿಯುತ್ತಿದ್ದೆ. ಮಾಮನಿಗೆ ಮಾತ್ರ ಎಲೆ ಹಾಕುತ್ತಿರಲಿಲ್ಲ.

"ಎಲೆ ಹಾಕಿದ್ರೆ ಸತ್ತರು ಅಂತ ನಾವೇ ಹೇಳಿದ ಹಾಗೆ ಅಲ್ವಾ? ಮತ್ತೆ ಅವರು ಬರುವುದು ಎಲ್ಲಿಗೆ?"

ಒಂದು ವರ್ಷ ಚಿಕ್ಕಪ್ಪ ಅವಳ ಕಣ್ಣು ತಪ್ಪಿಸಿ ಮಾಮನಿಗೂ ಬಡಿಸಿಬಿಟ್ಟರು. ಬಾಗಿಲು ತೆರೆದಾಗ ಉಳಿದ ಎಲೆಗಳಲ್ಲಿ ಅನ್ನ ಬೆರಳಾಡಿಸಿದಂತೆ ಕದಡಿತ್ತು. ಆ ಕೋಣೆಗೆ ಕಿಟಕಿಯಿಲ್ಲ. ಬೆಕ್ಕು ನನ್ನ ಮಡಿಲಲ್ಲಿತ್ತು. ಮಾಮನ ಎಲೆ ಮಾತ್ರ ಬಡಿಸಿದ ಹಾಗೆಯೇ ಇತ್ತು.

ಮಾಮಿ ಬೈಯಲಿಲ್ಲ. "ನೋಡು ಮಾರಾಯ, ಮುಟ್ಟಲಿಲ್ಲ. ಅವರು ಅಲ್ಲಿ ಇಲ್ಲ" ಎಂದು ನಕ್ಕು, ಆ ಎಲೆಯ ಮುಂದೆ ಕೂತು ತಾನೇ ಉಂಡಳು. ಅಷ್ಟು ಖುಷಿಯಲ್ಲಿ ಅವಳು ಉಂಡದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ. ನೋಡಿ ನನಗೆ ಹೆದರಿಕೆಯಾಯಿತು.

ಕಳೆದ ವರ್ಷ ಅವಳನ್ನು ಮಣಿಪಾಲದಲ್ಲಿ ಆಸ್ಪತ್ರೆಗೆ ಸೇರಿಸಿದ್ದೆವು. ಒಂದು ಮಧ್ಯಾಹ್ನ ಬಾಗಿಲನ್ನೇ ನೋಡುತ್ತ, "ಬಂದ್ರಾ? ಎಂತ, ಇಷ್ಟು ಒದ್ದೆ?" ಎಂದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಆಮೇಲೆ ನನ್ನ ಕೈ ಹಿಡಿದುಕೊಂಡಳು.

"ಮಗಾ, ಆಟಿಗೆ ಇವರಿಗೂ ಎಲೆ ಹಾಕು. ನನ್ನ ಪಕ್ಕ ಬೇಡ, ಎದುರು ಹಾಕು. ಮುಖ ಕಾಣ್ಬೇಕು."

ಸಂಜೆ ಹೋಗಿಬಿಟ್ಟಳು.

ಈ ಆಟಿಯಲ್ಲಿ ನಾನೇ ಬಡಿಸಿದೆ. ಅವರಿಬ್ಬರ ಎಲೆ ಎದುರುಬದುರು ಹಾಕಿದೆ. ಅವಳಂತೆ ಮಾತಾಡಲು ಹೋದರೆ ಅಳು ಬಂತು. ಇನ್ನು ನನ್ನನ್ನು ಬೈಯುವವರು ಯಾರಿದ್ದಾರೆ? ಬಾಗಿಲು ಮುಚ್ಚಿ ಹೊರಗೆ ಕೂತೆವು. ಸ್ವಲ್ಪ ಹೊತ್ತಿಗೆ ಒಳಗೆ ಗಂಡಸೊಬ್ಬರು ಕೆಮ್ಮಿದ್ದು ಕೇಳಿಸಿತು. ಚಿಕ್ಕಪ್ಪ ನನ್ನ ಪಕ್ಕದಲ್ಲೇ ಇದ್ದರು, ಅವರೂ ಕೇಳಿಸಿಕೊಂಡರು. ಹೊತ್ತು ಮೀರಿತು. ಮಕ್ಕಳು ಹಸಿವೆಯೆಂದು ರಾಗ ತೆಗೆದರು.

"ಬಾಗಿಲು ತೆಗೆಯುವನಾ?" ಎಂದರು ಚಿಕ್ಕಪ್ಪ, ಸಣ್ಣ ದನಿಯಲ್ಲಿ.

"ಬೇಡ ಚಿಕ್ಕಪ್ಪ. ಇಷ್ಟು ವರ್ಷ ಕಾದವಳು. ನಿಧಾನ ಉಣ್ಲಿ."