ಮುಚ್ಚಳ ತೆಗೆದ ಮೂಲಂಗಿ

“ಮೂಲಂಗಿ ನಾತ ಇಲ್ದ ಕುದಿಯೂದು, ನಿಮ್ಮಂಥೋರು ಬಿ.ಎ. ಆಗೂದು, ಎರಡೂ ಈ ಜನ್ಮದಾಗ ಆಗೂದಿಲ್ಲ ತಗೋ,” ಎಂದವರು ರಾಯಚೂರಿನಲ್ಲಿ ನನಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದ ರಾಘಪ್ಪನವರು. ಅರ್ಧ ಮಾತು ನಿಜ. ಮೂಲಂಗಿ ಎಂಬುದು ಓಣಿಗೆಲ್ಲ ಡಂಗುರ ಸಾರಿಕೊಂಡೇ ಕುದಿಯುವ ಪದಾರ್ಥ. ಗುಟ್ಟು ಅದರ ಸ್ವಭಾವದಲ್ಲೇ ಇಲ್ಲ. ಆದರೆ ಉಳಿದರ್ಧ ಮಾತು ಇದೆಯಲ್ಲ, ಓದುಗ ಮಿತ್ರರೇ, ಅದು ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಅರಗದೆ ಕೂತಿದೆ. ತಿಂದ ಮೂಲಂಗಿಯೆಲ್ಲ ಎಂದೋ ಅರಗಿಹೋಯಿತು.

ನಿಜಾಮರ ಆಳ್ವಿಕೆಯ ಕಡೆಯ ವರ್ಷಗಳು. ಹೈದರಾಬಾದಿನ ಕಾಲೇಜು ಪರೀಕ್ಷೆಗೆ ಮುಂಚಿನ ರಜೆ ಕೊಟ್ಟಿತ್ತು. ಗಬ್ಬೂರಿನ ನಮ್ಮ ಒಂದಂಕಣದ ಮನೆಯಲ್ಲಿ ನಾನು ಪುಸ್ತಕ ಬಿಚ್ಚಬೇಕಾದರೆ ಯಾರಾದರೊಬ್ಬರು ಎದ್ದು ಹೊರಗೆ ಹೋಗಬೇಕು. ಹಾಗಾಗಿ ರಾಯಚೂರಿನಲ್ಲಿ ಕೋಣೆ ಹಿಡಿದು, ಇಟ್ಟಿಗೆಯಂಥ ಉರ್ದು ಪುಸ್ತಕಗಳನ್ನು ಗೋಡೆಗೆ ಒಟ್ಟಿ ಕೂತೆ. ಕೋಣೆ ತಪ್ಪಿದರೆ ಓದು ತಪ್ಪಿತು, ಓದು ತಪ್ಪಿದರೆ ಪದವಿ ತಪ್ಪಿತು; ನನಗೆ ತಿಳಿದ ತರ್ಕಶಾಸ್ತ್ರ ಅಷ್ಟೇ. ಊಟಕ್ಕೆ ನಮ್ಮವ್ವ ತಂದುಕೊಡುವ ಜೋಳದ ಹಿಟ್ಟು ಮತ್ತು ಅವಳು ದುಡಿಯುತ್ತಿದ್ದ ತೋಟದ ಮೂಲಂಗಿ.

ಓದುವ ಹುಡುಗನೆಂದು ಗೌರವದಿಂದಲೇ ಕೋಣೆ ಕೊಟ್ಟಿದ್ದ ರಾಘಪ್ಪನವರಿಗೆ, ಬುಟ್ಟಿ ಹೊತ್ತು ಬಂದ ನಮ್ಮವ್ವನನ್ನು ಅಂಗಳದಲ್ಲಿ ನಿಲ್ಲಿಸಿ ಊರು, ಕೇರಿ ವಿಚಾರಿಸಿದ ದಿನದಿಂದ ಮೂಗು ಚುರುಕಾಯಿತು. ಅದಕ್ಕೂ ಮೊದಲು ಹದಿನೈದು ದಿನ ಅದೇ ಒಲೆ, ನಾನೇ ಊರಿಂದ ಹೊತ್ತು ತಂದಿದ್ದ ಅದೇ ಮೂಲಂಗಿ. ಆಗ ಅವರಿಗೆ ನೆಗಡಿಯಾಗಿತ್ತೆಂದು ಕಾಣುತ್ತದೆ! ಅವರ ಮನೆಯಲ್ಲೂ ಐತವಾರ ಮೂಲಂಗಿ ಹುಳಿ ಕುದಿಯುತ್ತಿತ್ತು. ಅವರ ಒಲೆಯಿಂದ ಎದ್ದರೆ ಪರಿಮಳ, ನನ್ನ ಒಲೆಯಿಂದ ಎದ್ದರೆ ನಾತ. “ಇನ್ನೊಮ್ಮಿ ವಾಸನಿ ಬಂದ್ರ ಗಂಟುಮೂಟಿ ಕಟ್ಟು,” ಎಂದರು.

ಮೂಲಂಗಿ ಪಲ್ಯಕ್ಕೆ ಗಬ್ಬೂರು, ದೇವದುರ್ಗದ ಕಡೆಯ ನಾವು ಗುರೆಳ್ಳು, ಅಂದರೆ ಹುಚ್ಚೆಳ್ಳಿನ, ಪುಡಿ ಉದುರಿಸುತ್ತೇವೆ. ಮಾನ್ವಿ ಕಡೆಯ ನನ್ನ ಸೋದರತ್ತೆ ಹೆಸರುಬೇಳೆಯಿಲ್ಲದ ಪಲ್ಯವನ್ನು ದನದ ಮೇವೆನ್ನುತ್ತಾಳೆ. ಈ ವಾದದಲ್ಲಿ ಎರಡು ಮದುವೆಗಳ ಊಟ ಕೆಟ್ಟಿದೆ. ಆದರೂ ಒಂದು ವಿಷಯದಲ್ಲಿ ಉಭಯ ಪಕ್ಷಗಳಿಗೂ ಏಕಾಭಿಪ್ರಾಯ: ಸೊಪ್ಪುಸಹಿತ ಹೆಚ್ಚಿ ಗಡಿಗೆಗೆ ಹಾಕಿದ ಮೇಲೆ, ಮೊದಲ ಕುದಿ ಮುಗಿಯುವ ತನಕ ಬಾಯಿ ಮುಚ್ಚಬಾರದು. ಘಾಟು ಹೋಗಬೇಕು. ಇದು ಗೊತ್ತಿದ್ದೂ ನಾನು, ಅರ್ಥಶಾಸ್ತ್ರ ಓದಿದ ಪಂಡಿತ, ಮುಚ್ಚಳ ಹಾಕಿ, ಅದರ ಸುತ್ತ ಒದ್ದೆ ಪಂಚೆ ಬಿಗಿದು, ಕಿಟಕಿ ಬಾಗಿಲು ಜಡಿದು ಕಳ್ಳನಂತೆ ಬೇಯಿಸಿದೆ. ಹೊರಗೆ ಹೋಗಲಾರದ ಘಾಟು ಪಲ್ಯದಲ್ಲೇ ಇಂಗಿ ಕಹಿಯಾಯಿತು. ಹೊಗೆಗೆ ಕಣ್ಣು ಉರಿದು ಅಕ್ಷರಗಳೆಲ್ಲ ಕಲಸಿಹೋದವು. ದಿನವೂ ಅದನ್ನೇ ನುಂಗಿದೆ.

ಒಂದು ಸಂಜೆ ರಾಘಪ್ಪನವರು ಬಾಗಿಲು ಬಡಿದು, ಆರಂಭದಲ್ಲಿ ಹೇಳಿದ ಆ ಮಾತನ್ನು ಓಣಿಗೆಲ್ಲ ಕೇಳುವಂತೆ ಆಡಿದರು. ನನಗೆ ತಲೆ ಕೆಟ್ಟಿತು. ಒಲೆಯ ಮೇಲಿನ ಗಡಿಗೆಯನ್ನು ಎತ್ತಿ ತಂದು ಅಂಗಳದ ಮೂರು ಕಲ್ಲಿನ ಮೇಲಿಟ್ಟು, ಪಂಚೆ ಕಿತ್ತು, ಮುಚ್ಚಳ ತೆಗೆದು, ಕೆಳಗೆ ಉರಿ ಹಾಕಿದೆ. ಆವಿ ಭುಗಿಲೆಂದು ಎದ್ದಿತು.

“ಏನಲೇ ಇದು?” ಎಂದು ರಾಘಪ್ಪನವರು ಮೂಗು ಮುಚ್ಚಿಕೊಂಡರು.

“ಮೂಲಂಗಿರಿ. ನಿಮ್ಮನ್ಯಾಗ ಕುದಿಯೂದೂ ಇದ. ಪರೀಕ್ಷಾ ಬರೂತನಕ ನಾ ಇಲ್ಲೇ ಇರತೀನಿ, ದಿನಾ ಹಿಂಗ ಬಯಲಾಗ ಕುದಸತೀನಿ. ಗಂಟು ಕಟ್ಟಸೂದಿದ್ರ ಈಗ, ಓಣಿ ಮಂದಿ ಮುಂದ ಕಟ್ಟಸ್ರಿ.”

ಅಷ್ಟು ಹೇಳಿ ಗಡಿಗೆಯ ಕೆಳಗೆ ಇನ್ನೊಂದು ಕೊಳ್ಳಿ ತುರುಕಿದೆ. ಎದುರು ಮನೆಯ ಟಾಂಗಾವಾಲ ಖಾಸಿಂ ಚಾಚಾ ಕುದುರೆಗೆ ಹುಲ್ಲು ಹಾಕುತ್ತಿದ್ದವರು ಅಲ್ಲಿಂದಲೇ ಕೂಗಿದರು: “ರಾಘಪ್ಪನೋರ, ಐತವಾರ ನಿಮ್ಮನ್ಯಾಗ ಕುದ್ದಿದ್ದು ಏನ್ರಿ, ಮಲ್ಲಿಗಿ ಹೂವೇನು? ನನ್ನ ಕುದ್ರಿ ಸೈತ ಸೀನಿತ್ತಲ್ರಿ!”

ಓಣಿಗೆ ಓಣಿಯೇ ನಕ್ಕಿತು. ರಾಘಪ್ಪನವರು ಕೆಂಪಾಗಿ ಒಳಗೆ ಹೋಗಿ ಕದ ಹಾಕಿಕೊಂಡರು. ಅವರು ಬದಲಾದರೆಂದು ಬರೆದರೆ ಈ ಪ್ರಬಂಧಕ್ಕೆ ಅಂದ ಬಂದೀತು. ಆದರೆ ಅವರು ಬದಲಾಗಲಿಲ್ಲ, ಸುಮ್ಮನಾದರು ಅಷ್ಟೆ. ನನಗೆ ಬೇಕಿದ್ದದ್ದೂ ಕೋಣೆಯೇ ಹೊರತು ಅವರ ಹೃದಯವಲ್ಲ. ಪರೀಕ್ಷೆಯ ದಿನದವರೆಗೆ ಅಂಗಳದಲ್ಲಿ ಬೇಯಿಸಿ ಉಂಡೆ, ಕಿಟಕಿ ತೆರೆದು ಓದಿದೆ, ಹೈದರಾಬಾದಿಗೆ ಹೋಗಿ ಬರೆದೆ, ಪಾಸಾದೆ.

ಪದವಿಯ ಕಾಗದ ಕೈಗೆ ಬಂದದ್ದೇ ಗಬ್ಬೂರಿನ ಬಸ್ಸು ಹತ್ತಿದೆ. ನಮ್ಮವ್ವ ಆಗಷ್ಟೇ ತೋಟದಿಂದ ಬಂದು ತಲೆಯ ಮೇಲಿನ ಹೊರೆ ಇಳಿಸುತ್ತಿದ್ದಳು. ರಾಘಪ್ಪನವರ ಆ ಮಾತು ಅವಳ ಕಿವಿಗೂ ಮುಟ್ಟಿತ್ತು. ಕಾಗದ ಕೊಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಏನೋ ಭಾರದ ವಸ್ತುವೆಂಬಂತೆ ಕಾಲೂರಿ ನಿಂತು, ಎರಡೂ ಕೈ ಚಾಚಿ ತೆಗೆದುಕೊಂಡಳು. ಒಮ್ಮೆ ಮೇಲೆ ಕೆಳಗೆ ಆಡಿಸಿ ತೂಕ ನೋಡಿದಳು.

“ಇಷ್ಟ ಹಗುರ ಅದ ಅಲ್ಲೋ ನನ್ನಪ್ಪಾ! ಇದನ್ನ ನಮ್ಮೋರ ಕೈಲಿ ಎತ್ತಾಕ ಆಗೂದಿಲ್ಲ ಅಂದಾಂವ ಯಾರು?”